ಪ್ರಶ್ನೆ ಸೇರಿಸಿ ಹೇಳು

ನಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಬರೀ ಉತ್ತರ ಹೇಳುವಂತಿರಲಿಲ್ಲ. “ಊಟ ಆತೇನು?” ಅಂತ ಅಪ್ಪ ಕೇಳಿದಾಗ “ಆತು” ಅಂದರೆ ತಪ್ಪು, “ನನ್ನ ಊಟ ಆತು” ಅನ್ನಬೇಕು. “ಎಲ್ಲಿಗೆ ಹೊಂಟೀ?” ಅಂದರೆ “ಅಂಗಡಿಗೆ” ಅನ್ನುವಂತಿಲ್ಲ, “ನಾನು ಅಂಗಡಿಗೆ ಹೊಂಟೀನಿ” ಅನ್ನಬೇಕು. ಕಾರಣ ಇಷ್ಟೇ. ಅಪ್ಪ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಅಂಥ ಚಿತ್ರದಲ್ಲಿ ಪ್ರಶ್ನೆ ಕೇಳಿದವರ ದನಿಯನ್ನು ಕತ್ತರಿಸಿ ಬಿಸಾಡುತ್ತಾರೆ, ಉತ್ತರ ಒಂದೇ ಉಳಿಯುತ್ತದೆ. ಬರೀ “ಆತು” ಅಂದುಬಿಟ್ಟರೆ ನೋಡುವವರಿಗೆ ಏನು ಆಯಿತು ಅಂತ ತಿಳಿಯುವುದಿಲ್ಲ. ಹಾಗಾಗಿ ಕ್ಯಾಮೆರಾ ಮುಂದೆ ಕೂತವರು ಪ್ರಶ್ನೆಯನ್ನೂ ಸೇರಿಸಿ ಉತ್ತರ ಹೇಳಬೇಕು. ಹಳ್ಳಿಹಳ್ಳಿಯ ಜನಕ್ಕೆ ಇದನ್ನು ಹೇಳಿಕೊಟ್ಟು ಹೇಳಿಕೊಟ್ಟು ಬೇಸತ್ತ ಅಪ್ಪ ಅದನ್ನು ಮನೆಯೊಳಗೂ ತಂದರು. ಅಜ್ಜಿ, ಅಂದರೆ ಅಪ್ಪನ ತಾಯಿ, ಒಬ್ಬಳೇ ಬಗ್ಗಲಿಲ್ಲ.

“ನಾನೇನು ಟೀವಿಯೊಳಗ ಕುಂತೀನೇನೋ? ರೊಟ್ಟಿ ಬೇಕಂದ್ರ ಬೇಕು, ಬ್ಯಾಡಂದ್ರ ಬ್ಯಾಡ. ನಿನ್ನ ಹುಚ್ಚು ನನಗ ಹಚ್ಚಬ್ಯಾಡ.”

ನಾನು ಬಗ್ಗಿದೆ. ಹತ್ತು ಹನ್ನೊಂದರ ವಯಸ್ಸು, ಅಪ್ಪ ಹೇಳಿದ್ದೇ ವೇದ. ಶಾಲೆಯಲ್ಲಿ ಮೇಷ್ಟ್ರು “ಲೆಕ್ಕ ಯಾಕೆ ಮಾಡಿಲ್ಲ?” ಅಂದಾಗ “ನಾನು ಲೆಕ್ಕ ಯಾಕೆ ಮಾಡಿಲ್ಲ ಅಂದರೆ ಸಾರ್” ಅಂತ ಶುರುಮಾಡಿದೆ. ಅಣಕಿಸುತ್ತಿದ್ದಾಳೆ ಅಂದುಕೊಂಡು ಕಪಾಳಕ್ಕೆ ಒಂದು ಬಿಟ್ಟರು. ಮನೆಗೆ ಬಂದು ಹೇಳಿದರೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ನಗಲಿಲ್ಲ. ಕೆನ್ನೆಗೆ ಕೊಬ್ಬರಿ ಎಣ್ಣೆ ಸವರುತ್ತಾ, “ಇವ್ರ ಸಿನಿಮಾ ಮನೆ ಹಾಳಾಗ” ಅಂದಳು. ಆದರೆ ಆ ಸಿನಿಮಾದ ಅರ್ಧ ಕೆಲಸ ಮಾಡುತ್ತಿದ್ದವಳು ಅವಳೇ. ಇದನ್ನು ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಶಿಕಾರಿಪುರದಲ್ಲಿ ನಮ್ಮದು ಮೂರೇ ಕೋಣೆಯ ಬಾಡಿಗೆ ಮನೆ, ಉದ್ದಕ್ಕೆ ರೈಲು ಡಬ್ಬಿಯ ಹಾಗೆ. ಬೀದಿಗೆ ತೆರೆದ ಮುಂದಿನ ಕೋಣೆ ಅಪ್ಪನ ಫೋಟೋ ಸ್ಟುಡಿಯೋ. ಗೋಡೆಗೆ ಜಲಪಾತದ ಪರದೆ, ಅದರ ಮುಂದೆ ಒಂದು ಕಾಲು ಕುಂಟುವ ಸ್ಟೂಲು. ಮದುವೆ, ನಾಮಕರಣದ ವೀಡಿಯೋ ಅಲ್ಲಿಂದಲೇ ಬುಕ್ಕಾಗುತ್ತಿತ್ತು, ಹೊಟ್ಟೆ ತುಂಬುತ್ತಿದ್ದದ್ದು ಅದರಿಂದ. ನಡುವಿನ ಕೋಣೆ ಹೆಸರಿಗೆ ನಮ್ಮ ಮಲಗುವ ಕೋಣೆ. ಅಲ್ಲಿ ಒಂದು ಮೇಜಿನ ಮೇಲೆ ಎರಡು ವಿಸಿಆರ್, ಒಂದು ಟೀವಿ. ಒಂದರಲ್ಲಿ ಕ್ಯಾಸೆಟ್ ಓಡಿಸಿ, ಬೇಕಾದಷ್ಟನ್ನು ಇನ್ನೊಂದಕ್ಕೆ ಇಳಿಸಿಕೊಳ್ಳುವುದು, ಅದೇ ಆಗಿನ ಎಡಿಟಿಂಗು. ಕೊನೆಯದು ಅಡುಗೆಮನೆ. ಮೂರಕ್ಕೂ ಕರೆಂಟಿನ ತಂತಿ ಒಂದೇ ಆದ್ದರಿಂದ ಕ್ಯಾಸೆಟ್ ಇಳಿಸುವಾಗ ಮಿಕ್ಸಿ ಹಾಕಿದರೆ ಚಿತ್ರದ ಮೇಲೆ ಬಿಳಿ ಗೆರೆ ಓಡಿಬಿಡುತ್ತಿತ್ತು. “ಮಿಕ್ಸಿ!” ಅಂತ ಅಪ್ಪ ನಡುವಿನ ಕೋಣೆಯಿಂದ ಕೂಗಿದರೆ ಅಡುಗೆಮನೆಯಲ್ಲಿ ಕೈ ನಿಲ್ಲಬೇಕು. ಅವ್ವ ಒರಳಲ್ಲಿ ಚಟ್ನಿ ರುಬ್ಬುತ್ತಿದ್ದಳು. ಮನೆಯಲ್ಲಿ ಮಿಕ್ಸಿ ಇಟ್ಟುಕೊಂಡು ಒರಳು ತಿರುಗಿಸುವ ಹೆಂಗಸು ಇಡೀ ಬೀದಿಯಲ್ಲಿ ಅವಳೊಬ್ಬಳೇ ಇರಬೇಕು.

ಅವ್ವನ ತವರು ಸೊರಬ. ನಮ್ಮ ಅಜ್ಜಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ. ಅವ್ವನಿಗೆ ಅನ್ನ, ತಂಬುಳಿ, ಉಪ್ಪಿನಕಾಯಿ ಇದ್ದರೆ ಸ್ವರ್ಗ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳು ತಟ್ಟಿದ ರೊಟ್ಟಿ ಒಂದು ಕಡೆ ದಪ್ಪವೇ. ಅಜ್ಜಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, “ಸೊರಬದಾಕಿ ರೊಟ್ಟಿ” ಅನ್ನುವಳು. ಅವ್ವನನ್ನು ಅವಳು ಕರೆಯುತ್ತಿದ್ದದ್ದೂ ಹಾಗೆಯೇ, ಸೊರಬದಾಕಿ. ಅಪ್ಪ ಕರೆಯುತ್ತಿದ್ದದ್ದು “ಏ ಇವಳೇ”. ಬೀದಿಯವರಿಗೆ ಸ್ಟುಡಿಯೋದಮ್ಮ. ನನಗೆ ಅವ್ವ. ಅವಳ ಹೆಸರು ಹಿಡಿದು ಕರೆಯುವವರು ನಮ್ಮ ಊರಿನಲ್ಲಿ ಒಬ್ಬರೂ ಇರಲಿಲ್ಲ. ಮಗುವಾಗಿದ್ದ ನನಗೆ ಇದು ವಿಚಿತ್ರ ಅಂತ ಒಂದು ದಿನವೂ ಅನ್ನಿಸಲಿಲ್ಲ.

ಅವ್ವನಿಗೆ ಒಂದು ವಿದ್ಯೆ ಇತ್ತು. ಯಾರ ಹತ್ತಿರವಾದರೂ ಮಾತು ತೆಗೆಸುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಬಸ್ಸು ಬರುವಷ್ಟರಲ್ಲಿ ತನ್ನ ಸಂಸಾರದ ಗುಟ್ಟನ್ನೆಲ್ಲ ಅವ್ವನ ಮಡಿಲಿಗೆ ಸುರಿದಿರುತ್ತಿದ್ದಳು. ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಸಣ್ಣ ಪ್ರಶ್ನೆ ಕೇಳಿ ಸುಮ್ಮನಾಗುವಳು. ಅಪ್ಪನಿಗೆ ಅದು ಬರುತ್ತಿರಲಿಲ್ಲ. ಅವರು ಕೇಳುವ ಪ್ರಶ್ನೆಯಲ್ಲೇ ಉತ್ತರವೂ ಇರುತ್ತಿತ್ತು. “ನಿಮಗ ಭಾಳ ಕಷ್ಟ ಆಗೈತಲ್ರಿ?” ಅನ್ನುವರು. ಎದುರಿನವರು “ಹೌದ್ರಿ” ಅಂತ ಹೇಳಿ ಮುಗಿಸುವರು. ಮುಂದೆ ಏನು ಕೇಳಬೇಕು ಅಂತ ತೋಚದೆ ಅಪ್ಪ ಬೆವರು ಒರೆಸಿಕೊಳ್ಳುವರು.

ಸೂಲಗಿತ್ತಿಯರ ಮೇಲೆ ಚಿತ್ರ ಮಾಡಬೇಕು ಅಂತ ಅಪ್ಪ ಹೊರಟಾಗ ಅವ್ವ ಬಾರದೆ ವಿಧಿಯೇ ಇರಲಿಲ್ಲ. ಹೆರಿಗೆಯ ಮಾತನ್ನು ಯಾವ ಮುದುಕಿ ಗಂಡಸಿಗೆ ಹೇಳುತ್ತಾಳೆ? ಮದುವೆ ಇಲ್ಲದ ದಿನ ನೋಡಿಕೊಂಡು ನಾವು ಮೂವರೂ ಬಸ್ಸು ಹತ್ತುತ್ತಿದ್ದೆವು. ಅಪ್ಪನ ಹೆಗಲಲ್ಲಿ ಕ್ಯಾಮೆರಾ, ಅವ್ವನ ಕೈಯಲ್ಲಿ ಬುತ್ತಿ ಮತ್ತು ಮೈಕು, ನನ್ನ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಮೈಕಿಗೆ ಗಾಳಿ ಬಡಿದು ಬುಸ್ಸೆನ್ನುತ್ತದೆ ಅಂತ ಅವ್ವ ಅದಕ್ಕೆ ನನ್ನ ಎಳವೆಯ ಉಲ್ಲನ್ ಕುಲಾವಿ ತೊಡಿಸಿದ್ದಳು. ಹಳದಿ ಕುಲಾವಿ, ಗಲ್ಲದ ಕೆಳಗೆ ಕಟ್ಟುವ ದಾರ ಸಮೇತ. ಅಪ್ಪನಿಗೆ ನಾಚಿಕೆ. “ನೋಡಿದೋರು ಏನಂತಾರೆ, ಕಪ್ಪು ಬಟ್ಟೆ ಸುತ್ತು” ಅಂದರು. ಅವ್ವ ಕೇಳಲಿಲ್ಲ.

ಚಂದ್ರಗುತ್ತಿಯ ಗುಡ್ಡದ ಬುಡದಲ್ಲಿ ಬಂಗಾರಜ್ಜಿ ಅಂತ ಒಬ್ಬಳಿದ್ದಳು. ಸುತ್ತಲ ಹಳ್ಳಿಗಳಲ್ಲಿ ಅವಳ ಕೈಯಲ್ಲಿ ಹುಟ್ಟದ ಮನುಷ್ಯನೇ ಇಲ್ಲ ಅನ್ನುತ್ತಿದ್ದರು. ನಾವು ಎರಡು ಸಲ ಹೋದಾಗಲೂ ಅಜ್ಜಿ ಬಾಯಿ ಬಿಟ್ಟಿರಲಿಲ್ಲ. ಮೂರನೆಯ ಸಲ ಅವ್ವ ಜಗುಲಿಯ ಮೇಲೆ ಕೂತು ಚೀಲದಿಂದ ಮೈಕು ತೆಗೆದಳು. ಅಜ್ಜಿ ಅದನ್ನೇ ನೋಡಿದಳು, ಬೊಚ್ಚುಬಾಯಿ ತೆರೆದು ನಗಲಿಕ್ಕೆ ಹತ್ತಿದಳು.

“ಅಯ್ಯ, ಇದೆಂತದೇ ತಂಗಿ? ಕೂಸಿಗೆ ಕುಲಾವಿ ಹಾಕ್ಕಂಡು ತಂದಿದ್ಯಲ್ಲೆ! ಕೊಡು ಇಲ್ಲಿ.”

ಮೈಕನ್ನು ಇಸಕೊಂಡು ಮಡಿಲಲ್ಲಿ ಮಲಗಿಸಿಕೊಂಡು ತಟ್ಟಿದಳು. ಅಪ್ಪ ಓಡಿ ಹೋಗಿ ಕ್ಯಾಮೆರಾ ಚಾಲೂ ಮಾಡಿದರು. ಅಲ್ಲಿಂದ ಮಾತು ಹರಿಯಿತು. ಹೊಕ್ಕುಳ ಬಳ್ಳಿ ಹೇಗೆ ಕೊಯ್ಯುವುದು, ಅಡ್ಡ ನಿಂತ ಕೂಸನ್ನು ಹೇಗೆ ತಿರುಗಿಸುವುದು, ಎಲ್ಲ ಹೇಳಿದಳು. ಪ್ರಶ್ನೆ ಸೇರಿಸಿ ಹೇಳಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದನ್ನು ಒಂದು ಸಲ ನೆನಪಿಟ್ಟರೆ ಎರಡು ಸಲ ಮರೆತಳು. ಆಮೇಲೆ ಮಾತು ಮುಗಿಯಿತು ಅನ್ನುವ ಹೊತ್ತಿಗೆ ಅವ್ವ ಕೇಳಿದಳು.

“ಅಜ್ಜಿ, ನಿಮ್ಮ ಹೆರಿಗೆ ಮಾಡ್ಸಿದ್ದು ಯಾರು?”

ಬಂಗಾರಜ್ಜಿ ಮೈಕಿನ ಕುಲಾವಿಯ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವ್ವ ಏನೂ ಹೇಳದೆ ಕಾದಳು. ನಾನು ಪೆನ್ಸಿಲ್ ಹಿಡಿದು ಕೂತಿದ್ದೆ. 

“ಇದನ್ನ ಯಾರೂ ಕೇಳ್ಲಿಲ್ಲ ತಂಗಿ, ಇಷ್ಟು ವರ್ಷದಲ್ಲಿ. ನೀನೇ ಮೊದ್ಲು ಕೇಳಿದ್ದು.” ಮತ್ತೆ ದಾರ ಸುತ್ತಿದಳು. “ನನ್ನ ಹೆರಿಗೆಗೆ ಯಾರೂ ಬರ್ಲಿಲ್ಲ. ನಾನೇ ಮಾಡ್ಕಂಡೆ. ನಾಕು ಹೆತ್ತೆ, ನಾಕೂ ನನ್ನ ಕೈಯಲ್ಲೇ. ಎರಡನೇದು ಉಸಿರೇ ಆಡ್ಲಿಲ್ಲ. ಊರವ್ರ ಮಕ್ಕಳ ಬೆನ್ನು ತಟ್ಟಿ ತಟ್ಟಿ ಅಳಿಸ್ದವ್ಳು, ನನ್ನ ಕೂಸಿನ ಬೆನ್ನು ತಟ್ಟಾಕೆ ಕೈ ಎತ್ತಾಕೆ ತ್ರಾಣ ಇರ್ಲಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕುಣಿಯುವುದೊಂದು ಬಾಕಿ. “ಇದೇ ಸಿನಿಮಾ, ಇದೇ ಸಿನಿಮಾ” ಅನ್ನುತ್ತಿದ್ದರು. ಅವ್ವ ಕಿಟಕಿ ಕಡೆ ನೋಡುತ್ತಿದ್ದಳು. ಸೊರಬ ದಾಟಿದ ಮೇಲೆ ಹೇಳಿದಳು.

“ರೀ, ಒಂದು ಮಾತು. ನಾನು ಕೇಳಿದ್ದೆಲ್ಲ ತೆಗೀರಿ, ಬೇಜಾರಿಲ್ಲ. ಅದೊಂದು ಪ್ರಶ್ನೆ ಇಟ್ಕಳಿ.”

“ಯಾವುದು?”

“ನಿಮ್ಮ ಹೆರಿಗೆ ಯಾರು ಮಾಡ್ಸಿದ್ರು ಅಂತ ಕೇಳಿದ್ನಲ್ಲ, ಅದು. ಮತ್ತೆ ಕೊನೇಲಿ ಹೆಸರು ಬರ್ತದಲ್ಲ, ಅಲ್ಲಿ ನಂದೂ ಒಂದು ಹಾಕಿ.”

“ಅಷ್ಟೇನಾ? ಹಾಕಿದ್ರಾತು ಬಿಡು.”

ಅವ್ವ ತನಗಾಗಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. ಆಮೇಲೆ ಒಂದು ವಾರ ಅವಳು ಒರಳು ತಿರುಗಿಸುತ್ತಾ ಹಾಡಿಕೊಳ್ಳುತ್ತಿದ್ದಳು. ಅಜ್ಜಿ ಕೂಡ ಗಮನಿಸಿ, “ಸೊರಬದಾಕಿಗೆ ಏನೋ ಸಿಕ್ಕಂಗೈತಿ” ಅಂದಳು.

ಇನ್ನು ನನ್ನ ಪಾಲಿನ ಪಾಪ ಹೇಳಬೇಕು. ಕ್ಯಾಸೆಟ್ ನೋಡಿ ಯಾವ ಮಾತು ಎಲ್ಲಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ಅಪ್ಪ ಮೊದಲ ದಿನವೇ ಹೇಳಿದ್ದರು, “ಅವ್ವ ಕೇಳಿದ್ದು ಬರೀಬ್ಯಾಡ, ಉತ್ತರ ಅಷ್ಟೇ ಬರಿ.” ನಾನು ಗುಂಡಗಿನ ಅಕ್ಷರದಲ್ಲಿ ಬರೀ ಉತ್ತರಗಳನ್ನು ಬರೆದೆ. ಒಂದು ಇಡೀ ನೋಟ್‌ಬುಕ್ಕು ತುಂಬಿತು, ಅವ್ವನ ಒಂದು ಮಾತೂ ಅದರಲ್ಲಿ ಇಲ್ಲ. ನೋಟ್‌ಬುಕ್ಕು ಓದಿದವರಿಗೆ ಸೂಲಗಿತ್ತಿಯರೆಲ್ಲ ಯಾರೂ ಕೇಳದೆಯೇ ತಾವಾಗಿ ಮಾತಾಡಲು ಕೂತಹಾಗೆ ಕಾಣುತ್ತದೆ. ಕತ್ತರಿಸುವ ದಿನ ಅಪ್ಪ ಒಂದು ವಿಸಿಆರ್‌ನ ಗುಂಡಿ ಮೇಲೆ, ನಾನು ಇನ್ನೊಂದರ ಗುಂಡಿ ಮೇಲೆ ಬೆರಳಿಟ್ಟು ಕೂತೆವು. ಬಂಗಾರಜ್ಜಿಯ ಮಾತು ಬಂತು.

“ಎಲ್ಲಿಂದ ತಗಳ್ಳೋಣ, ಸುಮಾ?”

ಕೇಳಿದ್ದು ನನ್ನನ್ನು. ಅಷ್ಟು ದಿನ ಅಪ್ಪನ ಜೊತೆ ಕೂತು ಚಂದದ ಕತ್ತರಿ ಎಂಥದು ಅಂತ ಕಲಿತಿದ್ದೆ. ಅಪ್ಪನ ಮೆಚ್ಚುಗೆ ಬೇಕಿತ್ತು.

“‘ನನ್ನ ಹೆರಿಗೆಗೆ’ ಅನ್ನೋದ್ರಿಂದ ಅಪ್ಪಾ. ಅದರಲ್ಲಿ ಪ್ರಶ್ನೆ ಸೇರೇ ಐತಿ.”

“ಭೇಷ್!” ಅಂದು ತಲೆ ಸವರಿದರು. ನಾನು ಗುಂಡಿ ಒತ್ತಿದೆ. ಅವ್ವನ ಪ್ರಶ್ನೆ ಹೋಯಿತು. ಅವ್ವ ಕಾದದ್ದು ಹೋಯಿತು. “ನೀನೇ ಮೊದ್ಲು ಕೇಳಿದ್ದು” ಅಂತ ಬಂಗಾರಜ್ಜಿ ಹೇಳಿದ್ದೂ ಹೋಯಿತು. ಗೋಡೆಯ ಆಚೆ ಅವ್ವ ಒರಳಲ್ಲಿ ರುಬ್ಬುತ್ತಿದ್ದ ಸದ್ದು ಕೇಳುತ್ತಿತ್ತು. ಪ್ರಶ್ನೆ ಉಳಿಸುತ್ತೇವೆ ಅಂತ ಬಸ್ಸಿನಲ್ಲಿ ಅಪ್ಪ ಒಪ್ಪಿಕೊಂಡದ್ದು ನನಗೆ ಆ ಕ್ಷಣ ನೆನಪಿತ್ತೋ ಇಲ್ಲವೋ, ಎಷ್ಟು ಸಲ ಯೋಚಿಸಿದರೂ ಬಗೆಹರಿಯುವುದಿಲ್ಲ. ನೆನಪಿತ್ತು ಅಂತಲೇ ನನ್ನ ಗುಮಾನಿ.

ಚಿತ್ರ ಮೊದಲು ತೋರಿಸಿದ್ದು ಸೊರಬದಲ್ಲಿ, ಒಂದು ಶಾಲೆಯ ಹಾಲಿನಲ್ಲಿ ಟೀವಿ ಇಟ್ಟು. ಅವ್ವನ ತವರಿನವರೆಲ್ಲ ಬಂದಿದ್ದರು. ಅವ್ವ ಮದುವೆಯ ಸೀರೆ ಉಟ್ಟು, ಮುಂದಿನ ಬೆಂಚಿನಲ್ಲಿ ಅತ್ತಿಗೆಯ ಪಕ್ಕ ಕೂತಿದ್ದಳು. “ಕೊನೇಲಿ ನನ್ನ ಹೆಸರು ಬರ್ತದೆ, ಎದ್ದು ಹೋಗ್ಬೇಡಿ ಆಯ್ತಾ” ಅಂತ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದಳು. ಬಂಗಾರಜ್ಜಿಯ ಮಾತು ಬಂದಾಗ ಇಡೀ ಹಾಲ್ ಗಪ್‌ಚಿಪ್. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಾನು ಅವ್ವನ ಕಡೆ ತಿರುಗಿ ನೋಡಿದೆ. ಅವಳು ಅಳುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ತನ್ನ ಪ್ರಶ್ನೆ ಇನ್ನೂ ಬರಬಹುದು ಅನ್ನುವ ಹಾಗೆ ಟೀವಿಯನ್ನೇ ನೋಡುತ್ತಿದ್ದಳು. ಕೊನೆಗೆ ಹೆಸರುಗಳು ಬಂದವು. ಛಾಯಾಗ್ರಹಣ ಅಪ್ಪ, ಸಂಕಲನ ಅಪ್ಪ, ನಿರ್ದೇಶನ ಅಪ್ಪ. ಸಹಾಯ, ಕುಮಾರಿ ಸುಮಾ. ಸಹಕಾರ, ಮನೆಯವರು.

ನನ್ನ ಹೆಸರು ಕಂಡದ್ದೇ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ದೇವರಾಣೆಗೂ ತಟ್ಟಿದೆ. ಪಕ್ಕದಲ್ಲಿದ್ದ ಆ ಅತ್ತಿಗೆ ಅವ್ವನ ಕಿವಿಯಲ್ಲಿ, “ಎಲ್ಲೇ, ನಿಂದು ಬರ್ಲೇ ಇಲ್ಲ?” ಅಂದದ್ದು ನನಗೂ ಕೇಳಿಸಿತು. ಅವ್ವ, “ಬಂತಲ್ಲ, ಮನೆಯವ್ರು ಅಂತ” ಅಂದಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮೇಷ್ಟ್ರು ಎದ್ದು ನಿಂತು ಕೇಳಿದರು.

“ಸ್ವಾಮಿ, ಆ ಅಜ್ಜಿ ಬಾಯಲ್ಲಿ ಅಂಥ ಮಾತು ಹೆಂಗೆ ಹೇಳ್ಸಿದ್ರಿ ನೀವು?”

ಅಪ್ಪ ಮೈಕು ಹಿಡಿದುಕೊಂಡರು. “ನಾವೇನೂ ಮಾಡಬಾರದು ಸಾರ್. ಕ್ಯಾಮೆರಾ ಇಟ್ಕೊಂಡು ತಾಳ್ಮೆಯಿಂದ ಕಾಯ್ಬೇಕು. ತಾನಾಗೇ ಬರ್ತದೆ.”

ತಾನಾಗೇ! ಈ ಪದವನ್ನು ನಾನು ಆಮೇಲೆ ಎಷ್ಟು ನಿರ್ದೇಶಕರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗೆಲ್ಲ ಹಲ್ಲು ಕಡಿಯುತ್ತೇನೆ.

ಅವತ್ತು ಸಂಜೆಯ ಬಸ್ಸಿಗೆ ವಾಪಸು ಬಂದೆವು. ಮನೆಗೆ ಬಂದ ಮೇಲೆ ಅಪ್ಪನೇ ಶುರುಮಾಡಿದರು, ತಪ್ಪು ಮಾಡಿದವರು ಮೊದಲು ಬಾಯಿ ಮಾಡುವುದು ವಾಡಿಕೆಯಲ್ಲವೇ.

“ಹೆಂಡ್ತಿ ಹೆಸರು ಹಾಕಿದ್ರ ಮನೆ ಸಿನಿಮಾ ಅಂತ ಆಡ್ಕೊಂತಾರ. ಸುಮಾ ಸಣ್ಣಾಕಿ, ಖುಷಿ ಆಗ್ಲಿ ಅಂತ ಹಾಕ್ದೆ. ನಿನಗ್ಯಾಕ ಬೇಕಿತ್ತು ಅದು?”

ಅವ್ವ ಜಗಳ ಮಾಡಲಿಲ್ಲ. ಅವಳು ಮಾಡಿದ್ದು ಒಂದೇ, ಕೇಳುವುದನ್ನು ನಿಲ್ಲಿಸಿಬಿಟ್ಟಳು. ಮರುದಿನ ಬೆಳಿಗ್ಗೆ “ಚಾ ಬೇಕಾ?” ಅಂತ ಕೇಳಲಿಲ್ಲ, ತಂದು ಇಟ್ಟಳು. “ಇನ್ನೊಂದು ರೊಟ್ಟಿ ಹಾಕ್ಲಾ?” ಅನ್ನಲಿಲ್ಲ, ಹಾಕಿದಳು, ಇಲ್ಲವೇ ಹಾಕಲಿಲ್ಲ. “ಎಷ್ಟೊತ್ತಿಗೆ ಬರ್ತೀರಿ?” ಇಲ್ಲ. “ತಲೆನೋವು ಹೆಂಗಿದೆ?” ಇಲ್ಲ. ಅಜ್ಜಿಗೆ ಜ್ವರ ಬಂದಾಗಲೂ ಹಣೆ ಮುಟ್ಟಿ ನೋಡಿ ಕಷಾಯ ಕಾಸಿದಳೇ ಹೊರತು ಹೇಗಿದ್ದೀರಿ ಅಂತ ಕೇಳಲಿಲ್ಲ. ಪ್ರಶ್ನೆಯೇ ಇಲ್ಲದ ಮನೆ ಹೇಗಿರುತ್ತದೆ ಅಂತ ಬದುಕಿ ನೋಡಿದವರಿಗೇ ಗೊತ್ತು. ನಾನು ಶಾಲೆಯಿಂದ ಬಂದು ಅವ್ವ ಏನಾದರೂ ಕೇಳಲಿ ಅಂತ ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ. ಅವಳು ತಟ್ಟೆ ಮುಂದಿಡುವಳು. ಬೇಕಂತಲೇ ಮಂಡಿ ಕೆತ್ತಿಕೊಂಡು ಬಂದೆ ಒಂದು ದಿನ. ಅರಿಶಿನ ಹಚ್ಚಿದಳು. ಹೇಗಾಯಿತು ಅಂತ ಕೇಳಲಿಲ್ಲ. ಕೊನೆಗೆ ಅಜ್ಜಿಯೇ ಕೈಸೋತು ಮಗನ ಮುಂದೆ ನಿಂತಳು.

“ಲೇ, ಆಕಿ ಹೆಸರು ಒಂದು ಬರದು ಹಾಕೋ ಮಾರಾಯ. ಈ ಮನ್ಯಾಗ ನನಗ ಉಸಿರು ಕಟ್ಟಕತ್ತೈತಿ.”

ಅಪ್ಪ ಹಾಕಲಿಲ್ಲ. ಇಳಿಸಿದ ಕ್ಯಾಸೆಟ್ಟನ್ನು ಮತ್ತೆ ಮೊದಲಿಂದ ಕೂಡಿಸಬೇಕು, ಚಿತ್ರ ಮಸುಕಾಗುತ್ತದೆ ಅಂದರು. ನಿಜವೇ ಇರಬಹುದು. ಆದರೆ ಮದುವೆ ಮನೆಯವರು ಬಂದು “ನಮ್ಮ ಸೋದರಮಾವನ ಹೆಸರು ಬಿಟ್ಟೀರಲ್ರಿ” ಅಂದಾಗೆಲ್ಲ ಅಪ್ಪ ತುಟಿಪಿಟಕ್ಕೆನ್ನದೆ ಹೊಸದಾಗಿ ಕೂಡಿಸಿ ಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಮುಂದಿನ ಚಿತ್ರಕ್ಕೆ ಅಪ್ಪ ಅಂಜನಾಪುರಕ್ಕೆ ಹೋದರು, ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರನ್ನು ಮಾತಾಡಿಸಲು. ಅವ್ವ ಬರಲಿಲ್ಲ. ಮೈಕಿಗೆ ಕಪ್ಪು ಬಟ್ಟೆ ಸುತ್ತಿಕೊಂಡು ಅಪ್ಪ, ನೋಟ್‌ಬುಕ್ಕು ಹಿಡಿದು ನಾನು. ನಾಲ್ಕು ದಿನದ ಕ್ಯಾಸೆಟ್ಟನ್ನು ಮನೆಗೆ ತಂದು ನೋಡಿದರೆ ಇದ್ದದ್ದು ಇಷ್ಟು.

“ಬಿಸಿಲಾಗ ಭಾಳ ಕಷ್ಟ ಅಲ್ಲೇನ್ರಿ?”

“ಹೌದ್ರಿ.”

“ಪ್ರಶ್ನೆ ಸೇರ್ಸಿ ಹೇಳ್ರಿ.”

“ಏನ್ ಸೇರಸ್ಬೇಕ್ರಿ?”

ಆ ಚಿತ್ರ ಅಲ್ಲಿಗೇ ನಿಂತಿತು. ಅಪ್ಪನಿಗೆ ತಾನು ಏನು ಕಳೆದುಕೊಂಡೆ ಅಂತ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು, ಒಪ್ಪಿಕೊಳ್ಳುವ ಬಾಯಿ ಇರಲಿಲ್ಲ. ಆಮೇಲೆ ಅವರು ಮನುಷ್ಯರ ಸಹವಾಸವನ್ನೇ ಬಿಟ್ಟು ಬಂದಳಿಕೆಯ ಕಲ್ಲುಗಳ ಕಡೆ ತಿರುಗಿದರು. ಹಾಳು ಗುಡಿ, ಶಾಸನ, ಮುರಿದ ಕಂಬ. ಕಲ್ಲಿಗೆ ಪ್ರಶ್ನೆ ಕೇಳಬೇಕಾಗಿಲ್ಲ, ಹಿಂದಿನಿಂದ ಒಂದು ಗಂಡು ದನಿ ಗಂಭೀರವಾಗಿ ಮಾತಾಡಿದರೆ ಸಾಕು. ಅಂಥ ಮೂರು ಚಿತ್ರ ಮಾಡಿದರು. ಮೂರನ್ನೂ ನಾನು ನಿದ್ದೆ ಬಾರದೆ ಪೂರ್ತಿ ನೋಡಿಲ್ಲ. ಅವ್ವ ಹೊಸ ವರ್ಷದ ಹೊತ್ತಿಗೆ, ಯಾವ ಕಾರಣ ಅಂತ ತಿಳಿಯಲಿಲ್ಲ, ಒಂದು ಮಧ್ಯಾಹ್ನ ನನ್ನನ್ನು “ಹಸಿವಾ?” ಅಂತ ಕೇಳಿದಳು. ನಾನು ತಟ್ಟೆ ಮುಂದೆ ಕೂತು ಗಳಗಳ ಅತ್ತೆ. ನನ್ನನ್ನೂ ಅಜ್ಜಿಯನ್ನೂ ಮತ್ತೆ ಕೇಳಲು ಶುರುಮಾಡಿದಳು. ಅಪ್ಪನನ್ನು ಮಾತ್ರ ಕೇಳಲಿಲ್ಲ. ಕೇಳಬೇಕಾದಾಗ ನನ್ನ ಮೂಲಕ ಕೇಳಿದಳು.

ನಾನು ದೊಡ್ಡವಳಾಗಿ ಇದೇ ಕತ್ತರಿ ಕೆಲಸಕ್ಕೆ ಬಿದ್ದೆ. ಬೇರೆಯವರ ಸಾಕ್ಷ್ಯಚಿತ್ರಗಳನ್ನು ಕೂಡಿಸಿಕೊಡುತ್ತೇನೆ. ಒಂದು ಚಿತ್ರ ಅಂದರೆ ಎಂಟು ತಿಂಗಳು, ವರ್ಷ. ಚಿತ್ರ ಊರೂರು ಸುತ್ತುತ್ತದೆ, ನಿರ್ದೇಶಕರು ವೇದಿಕೆ ಹತ್ತುತ್ತಾರೆ, ನಾನು ಇನ್ನೊಬ್ಬರ ಚಿತ್ರದ ಮುಂದೆ ಕೂತಿರುತ್ತೇನೆ. ಪ್ರಶ್ನೆ ಕೇಳಿದವರ ದನಿ ಇರಲಿ ಅಂತ ಪ್ರತಿ ಚಿತ್ರದಲ್ಲೂ ಹಟ ಹಿಡಿಯುತ್ತೇನೆ. “ಅದು ಚಂದ ಕಾಣಲ್ಲ ಮೇಡಂ” ಅನ್ನುತ್ತಾರೆ. ಎರಡು ಕಡೆ ಕೆಲಸವೂ ಹೋಯಿತು. ಹೋಗಲಿ. ಹನ್ನೊಂದನೇ ವಯಸ್ಸಿನಲ್ಲಿ ಒತ್ತಿದ ಒಂದು ಗುಂಡಿಯನ್ನು ಇವತ್ತಿಗೂ ವಾಪಸು ಒತ್ತಲು ನೋಡುತ್ತಿದ್ದೇನೆ, ಅದು ನನಗೂ ಗೊತ್ತು.

ಈಚೆಗೆ ಹಳೆಯ ಚಿತ್ರಗಳನ್ನು ಸಂಗ್ರಹಿಸುವವರು ಅಪ್ಪನ ಸೂಲಗಿತ್ತಿ ಚಿತ್ರ ಕೇಳಿದರು. ಊರಿಗೆ ಹೋಗಿ ಟ್ರಂಕು ತೆಗೆದೆ. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿದೆ, ಅಜ್ಜಿ ಇಲ್ಲ. ಕುಲಾವಿ ಹಾಕಿದ ಮೈಕು ಕ್ಯಾಸೆಟ್ಟುಗಳ ನಡುವೆ ಬೂಷ್ಟು ಹಿಡಿದು ಮಲಗಿತ್ತು. ಕತ್ತರಿಸದ ಮೂಲ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ನಡುವಿನ ಕೋಣೆಯಲ್ಲಿ ಅವ್ವನನ್ನೂ ಅಪ್ಪನನ್ನೂ ಕೂರಿಸಿಕೊಂಡು ಬಂಗಾರಜ್ಜಿಯನ್ನು ಓಡಿಸಿದೆ. ಅವ್ವನ ದನಿ ಬಂತು, ಎಳೆಯ ದನಿ. “ಅಜ್ಜಿ, ನಿಮ್ಮ ಹೆರಿಗೆ ಮಾಡ್ಸಿದ್ದು ಯಾರು?” ಬಂಗಾರಜ್ಜಿ ದಾರ ಸುತ್ತಿದಳು, ಬಿಚ್ಚಿದಳು. ಅವ್ವ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ಬಂಗಾರಜ್ಜಿ ಹೇಳುವುದನ್ನೆಲ್ಲ ಹೇಳಿದಳು, ಕಣ್ಣು ಒರೆಸಿಕೊಂಡಳು. ಆಮೇಲೆ ನನಗೆ ನೆನಪೇ ಇಲ್ಲದ, ನನ್ನ ನೋಟ್‌ಬುಕ್ಕಿನಲ್ಲಿ ಬರೆಯದ ಒಂದು ಮಾತು ಬಂತು. ಅದು ಪ್ರಶ್ನೆಯಾಗಿತ್ತಲ್ಲ, ಅದಕ್ಕೇ ಬರೆದಿರಲಿಲ್ಲ.

“ನಿನ್ನ ಹೆಸರು ಎಂತ ತಂಗಿ?”

ತಕ್ಷಣ ಅಪ್ಪನ ದನಿ, “ಕಟ್. ಸಾಕು.” ಪರದೆ ಕಪ್ಪಾಯಿತು. ಮರುಕ್ಷಣ ಕೆರೆಯಲ್ಲಿ ಒಂದು ಎಮ್ಮೆ. ಎಮ್ಮೆ ಮುಳುಗಿತು, ಎದ್ದಿತು, ಕಿವಿ ಆಡಿಸಿತು.

ಅಪ್ಪ ಕೆಮ್ಮಿದರು. “ಬ್ಯಾಟ್ರಿ ಹೋಗಕತ್ತಿತ್ತು ಸುಮಾ. ಅದಕ್ಕ ನಿಲ್ಸ್ದೆ.”

“ಬ್ಯಾಟ್ರಿ ಹೋಗಿರ್ಲಿಲ್ಲ” ಅಂದಳು ಅವ್ವ. “ಎಮ್ಮೆ ತೆಗದ್ರಿ.”

ಎಮ್ಮೆಯ ಚಿತ್ರ ಇನ್ನೂ ಓಡುತ್ತಿತ್ತು. ನಾನು ಗಡಿಯಾರ ನೋಡಿದೆ, ನಾಲ್ಕು ನಿಮಿಷ. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕು? ನನಗೆ ಎದ್ದು ಆ ಟ್ರಂಕನ್ನು ಬೀದಿಗೆ ಎಸೆಯಬೇಕು ಅನ್ನಿಸಿತು. ಎಸೆಯದೆ ಕ್ಯಾಮೆರಾ ತೆಗೆದು ಅವ್ವನ ಮುಂದೆ ಇಟ್ಟೆ. ಬೂಷ್ಟು ಕೊಡವಿ, ಆ ಹಳೆಯ ಕುಲಾವಿಯನ್ನೇ ನನ್ನ ಮೈಕಿಗೆ ತೊಡಿಸಿ ಅವಳ ಕೈಗೆ ಕೊಟ್ಟೆ.

“ಅವ್ವಾ, ಬಂಗಾರಜ್ಜಿ ಕೇಳಿದ್ಲಲ್ಲ, ಅದಕ್ಕೆ ಏನಂದಿ? ಹೇಳು.”

ಅವ್ವ ಮೈಕನ್ನು ಮಡಿಲಲ್ಲಿ ಇಟ್ಟುಕೊಂಡಳು. “ನಾನು ಹೇಳಾಕೆ ನೀನಲ್ಲ ಕೇಳ್ಬೇಕಾದ್ದು. ಅವ್ರು ಕೇಳ್ಲಿ.”

ಅಪ್ಪ ಕುರ್ಚಿಯಲ್ಲಿ ಕದಲಿದರು. “ಏ, ಗೊತ್ತಿದ್ದಿದ್ದನ್ನ ಏನು ಕೇಳೋದು? ಹೇಳಿಬಿಡು ಮತ್ತ, ನಿನ್ನ ಹೆಸರು.”

“ಇದು ಕೇಳಿದಂಗೆ ಅಲ್ಲ.”

ಅಪ್ಪ ನನ್ನ ಮುಖ ನೋಡಿದರು, ಸಹಾಯಕ್ಕೆ ಬರುತ್ತೇನಾ ಅಂತ. ನಾನು ಕ್ಯಾಮೆರಾದ ಹಿಂದೆ ನಿಂತಿದ್ದೆ, ಕೆಂಪು ದೀಪ ಉರಿಯುತ್ತಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡರು, ಅಂಗಿಯ ಗುಂಡಿ ಹಾಕಿಕೊಂಡರು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅವ್ವ ಕುಲಾವಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಕಾದಳು, ಕಾಯುವುದು ಅವಳಿಗೆ ಬರುತ್ತದೆ.

“ನಿನ್ನ ಹೆಸರೇನು?” ಅಂದರು ಅಪ್ಪ.

ಪ್ರಶ್ನೆ ಸೇರಿಸಿ ಹೇಳುವುದು ಅವ್ವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ವನಮಾಲ” ಅಂದಳು. ಅಷ್ಟೇ ಅಂದಳು.